ಆ ಕಲಾವಿದರು ಖರೇನೇ ಬೆರಗಾಗ್ತಾರಾ?

ನಾನು ಕೊಪ್ಪಳದಲ್ಲಿ ತಬಲಾ ಕಲಿಸುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಮೊಬೈಲ್ ಹೊರಗೆ ತೆಗೆಯುತ್ತಾರೆ. ಕಟಿಂಗ್ ಅಂಗಡಿಯಲ್ಲಿ, ಮದುವೆ ಊಟದ ಸಾಲಿನಲ್ಲಿ, ಮೊನ್ನೆ ಗಂಗಾವತಿ ಬಸ್ಸಿನಲ್ಲಿ. ಪರದೆಯ ಒಂದು ಬದಿಗೆ ಏಳೆಂಟು ವರ್ಷದ ಮಗು ಡ್ರಮ್ ಬಾರಿಸುತ್ತಿರುತ್ತದೆ. ಇನ್ನೊಂದು ಬದಿಗೆ ದೊಡ್ಡ ದೊಡ್ಡ ವಾದಕರು ಬಾಯಿ ತೆರೆದು, ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ. ಆಮೇಲೆ ಅದೇ ಪ್ರಶ್ನೆ: "ಸರ, ಇವ್ರು ಖರೇನ ಬೆರಗಾಗ್ಯಾರೋ, ಕ್ಯಾಮೆರಾ ಮುಂದ ನಾಟಕ ಮಾಡಾಕತ್ತಾರೋ?"

ಮುಖ ನೋಡಿ ಹೇಳೋಕಾಗಲ್ಲ ಅಂತೀನಿ. ಕ್ಯಾಮೆರಾ ಇಟ್ಟರೆ ನನ್ನ ಮುಖವೂ ಸ್ವಲ್ಪ ಜಾಸ್ತಿಯೇ ಬೆರಗಾಗುತ್ತದೆ. ಆಮೇಲೆ ಅವರ ಕೈ ಏನು ಮಾಡಿತು, ಅದನ್ನು ನೋಡಿ.

ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ನಂದಿ ಬುಶೆಲ್ ಅಂತ ಒಬ್ಬ ಹುಡುಗಿ ಇದ್ದಾಳೆ. ಹೆಸರು ಕೇಳಿ ನಮ್ಮ ಕಡೆಯವಳು ಅಂದುಕೊಂಡವರೂ ಇದ್ದಾರೆ. ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. 2020ರಲ್ಲಿ, ಹತ್ತು ವರ್ಷದವಳಿದ್ದಾಗ, ಅಮೆರಿಕದ ಫೂ ಫೈಟರ್ಸ್ ರಾಕ್ ಬ್ಯಾಂಡಿನ ಡೇವ್ ಗ್ರೋಲ್ ಅವರಿಗೆ ವಿಡಿಯೊದಲ್ಲೇ ಡ್ರಮ್ಮಿನ ಸವಾಲು ಹಾಕಿದಳು. ಗ್ರೋಲ್ ಅಂದರೆ ಹಿಂದೆ ನಿರ್ವಾಣ ಬ್ಯಾಂಡಿಗೆ ಡ್ರಮ್ ಬಾರಿಸಿದವರು. "ಎಷ್ಟು ಚೆಂದ ಬಾರಿಸ್ತಾಳೆ ನೋಡ್ರಿ" ಅಂತ ಎರಡು ಮಾತು ಆಡಿ ಸುಮ್ಮನಾಗಬಹುದಿತ್ತು. ಆದರೆ ಅವರು ಮಗಳ ಡ್ರಮ್ ಸೆಟ್ ಮುಂದೆ ಕೂತು, ಬಾರಿಸಿ, ತಿರುಗಿ ಸವಾಲು ಹಾಕಿದರು. ಇವಳು ಅದಕ್ಕೂ ಉತ್ತರ ಕೊಟ್ಟಳು. ಹೀಗೇ ಸುತ್ತಿನ ಮೇಲೆ ಸುತ್ತು. ಕೊನೆಗೆ ಸೋತೆ ಅಂತ ಒಪ್ಪಿಕೊಂಡು, ಅವಳ ಮೇಲೆ ಒಂದು ಹಾಡನ್ನೇ ಕಟ್ಟಿದರು. 2021ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಕಾರ್ಯಕ್ರಮಕ್ಕೆ ಕರೆಸಿ, ತುಂಬಿದ ಸಭೆಯ ಮುಂದೆ ತಮ್ಮ ಬ್ಯಾಂಡಿನ ಜೊತೆ ಅವಳು ಡ್ರಮ್ ಬಾರಿಸುವಂತೆ ಮಾಡಿದರು. ಇದಕ್ಕೆ ಬೆರಗು ಅಂತೀನಿ ನಾನು.

ಇಂಥದ್ದೇ ಒಂದನ್ನು ಕಣ್ಣಾರೆ ನೋಡಿದ್ದೇನೆ. ಹುಲಿಗಿ ರಸ್ತೆಯ ಒಂದು ಹಳ್ಳಿ, ಹನುಮಪ್ಪನ ಗುಡಿ, ಅಮಾಸಿ ಭಜನೆ. ರಾತ್ರಿ ಹನ್ನೆರಡು ದಾಟಿರಬೇಕು. ಢೋಲಕ್ ಬಾರಿಸುವವರು ಚಹಾ ಕುಡಿಯಲು ಎದ್ದರು. ಪಕ್ಕದಲ್ಲಿ ಕೂತಿದ್ದ ಒಬ್ಬ ಹುಡುಗ, ಮೂರನೇ ಕ್ಲಾಸೋ ನಾಲ್ಕನೇ ಕ್ಲಾಸೋ, ಮೆಲ್ಲಗೆ ಸರಿದು ಢೋಲಕ್ ಎಳೆದುಕೊಂಡ. ಎರಡೂ ಕಡೆ ಕೈ ನೆಟ್ಟಗೆ ಎಟುಕುತ್ತಿರಲಿಲ್ಲ. ಒಂದಿಬ್ಬರು ನಕ್ಕರು. ಹಾರ್ಮೋನಿಯಂ ಅಜ್ಜ ಮಾತ್ರ ಬೈಯಲೂ ಇಲ್ಲ, ನಿಲ್ಲಿಸಲೂ ಇಲ್ಲ. ತತ್ವಪದ ಎತ್ತಿಕೊಂಡರು.

ಕಹರವಾ ತಾಳ, ಎಂಟೇ ಮಾತ್ರೆ, ಅಂದರೆ ಎಂಟು ಎಣಿಕೆ. ಧಾ ಗೆ ನಾ ತಿ ನ ಕ ಧಿ ನ. ಅದನ್ನು ಯಾರು ಬೇಕಾದರೂ ಬಾರಿಸುತ್ತಾರೆ. ಎರಡನೇ ನುಡಿಗೆ ಅಜ್ಜ ಬೇಕಂತಲೇ ಸಾಲಿನ ಕೊನೆ ಹಿಡಿದು ಎಳೆದರು. ಹೊಸಬರು ಮುಗ್ಗರಿಸುವುದು ಇಲ್ಲೇ. ಖಾಲಿ ಜಾಗ ಕಂಡರೆ ಕೈ ತಡೆಯೋದಿಲ್ಲ, ತುಂಬಿಸಿಬಿಡುತ್ತಾರೆ, ಓಡಿಬಿಡುತ್ತಾರೆ. ಈ ಹುಡುಗ ಪೆಟ್ಟು ಸಣ್ಣ ಮಾಡಿದ. ಠೇಕಾ, ಅಂದರೆ ತಾಳದ ಮೂಲ ನಡೆ, ಬಿಡಲಿಲ್ಲ. ಅಜ್ಜನ ಬಾಯಿ ನೋಡುತ್ತಾ ಕಾದ. ಅವರು ಪಲ್ಲವಿಗೆ ಬರೋದಕ್ಕೂ ಇವನು ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬೀಳೋದಕ್ಕೂ ಒಂದೇ ಆಯಿತು.

ಅಜ್ಜ ಶಭಾಷ್ ಅನ್ನಲಿಲ್ಲ. ಲಯ ಏರಿಸಿದರು. ಹುಡುಗ ಏರಿದ. ಮತ್ತೆ ಪೂರಾ ಇಳಿಸಿದರು. ಇವನೂ ಇಳಿದ. ಅಷ್ಟೊತ್ತಿಗೆ ಢೋಲಕ್‌ನವರು ಚಹಾದ ಗ್ಲಾಸ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಮ್ಮ ಜಾಗ ಕೇಳಲಿಲ್ಲ. ಗ್ಲಾಸ್ ಕಟ್ಟೆ ಮೇಲಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂತು, ತಾಳ ಕೈಗೆ ತಗೊಂಡರು.

ಪದ ಮುಗಿದ ಮೇಲೆ ಅಜ್ಜ ಕೇಳಿದರು: "ಎಲ್ಲಿ ಕಲ್ತಿಯಲೇ ತಮ್ಮಾ?"

"ಕಲ್ತಿಲ್ರಿ ಮುತ್ಯಾ. ನೋಡೇನಿ."

"ನಾಳಿ ಸಂಜಿಮುಂದ ಮನಿಗೆ ಬಾ. ಎಡಗೈ ಸಡ್ಲ ಐತಿ."

ನನ್ನ ಕಥೆ ಕೇಳಿ. ಆ ಕಾಯೋದು ನನಗೆ ಬರೋಕೆ ಎರಡು ವರ್ಷ ಬೇಕಾಗಿತ್ತು. ಗುರುಗಳ ಕೈಯಲ್ಲಿ ಎಷ್ಟು ಬೈಸಿಕೊಂಡಿದ್ದೆನೋ. ಹಾಗಾಗಿ ಆ ರಾತ್ರಿ ನಾನು ಹುಡುಕಿದ್ದು ತಪ್ಪು. ಬೆರಳು ಇಡೋದು ಸರಿಯಿಲ್ಲ, ಅಂಚಿನ ನಾದ ಬರ್ತಿಲ್ಲ ಅಂತ ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ತಪ್ಪುಗಳು ಇದ್ದವು ಕೂಡ! ಆದರೂ ಅದು ಹೊಟ್ಟೆಕಿಚ್ಚೇ. ಮೊಬೈಲ್ ವಿಡಿಯೊಗಳಲ್ಲಿ ಈ ಮುಖ ಯಾರೂ ತೋರಿಸಲ್ಲ.

ಸ್ಪೀಡ್ ನೋಡಿ ವಾದಕರು ಅಷ್ಟೇನೂ ಬೆರಗಾಗೋದಿಲ್ಲ. ಸ್ಪೀಡ್ ರಿಯಾಜ್ ಮಾಡಿದರೆ ಬರುತ್ತದೆ. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ವಿಲಂಬಿತದಲ್ಲಿ, ಅಂದರೆ ತೀರ ನಿಧಾನ ಲಯದಲ್ಲಿ, ಬಾರಿಸಲು ಹೇಳಿ ನೋಡಿ. ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಒಂದು ಓಣಿಯಷ್ಟು ಜಾಗ. ಆ ಅಂತರ ಪ್ರತಿ ಸಲ ಅಷ್ಟೇ ಇರಬೇಕು. ಮಗು ಅಲ್ಲಿ ನಿಂತರೆ ನಮ್ಮ ಬೆನ್ನು ನೆಟ್ಟಗಾಗುತ್ತದೆ.

ಇನ್ನು "ರಕ್ತದಾಗ ಬಂದಿರ್ಬೇಕ್ ಬಿಡ್ರಿ" ಅನ್ನುವವರು. ಜಾಕಿರ್ ಹುಸೇನರ ಹೆಸರು ಇಲ್ಲಿ ಬಂದೇ ಬರುತ್ತದೆ. ಅವರು ಹುಟ್ಟಿದಾಗ ತಂದೆ ಅಲ್ಲಾರಖಾ ಪ್ರಾರ್ಥನೆಯ ಬದಲು ತಬಲಾ ಬೋಲ್‌ಗಳನ್ನು, ಧಾ ಗೆ ನಾ ಅಂಥ ಅಕ್ಷರಗಳನ್ನು, ಕಿವಿಯಲ್ಲಿ ಹೇಳಿದರಂತೆ. ಇದನ್ನು ಜಾಕಿರ್ ಅವರೇ ಹೇಳುತ್ತಿದ್ದರು. ರಕ್ತ ಎಷ್ಟು ಕೆಲಸ ಮಾಡಿತೋ, ಕಿವಿಯಂತೂ ಮಾಡಿತು ಅಲ್ವಾ? ರಾಯಚೂರು ಜಿಲ್ಲೆಯ ಮುದಗಲ್ಲಿಗೆ ಮೊಹರಂ ಸಮಯಕ್ಕೆ ಹೋಗಿ ನೋಡಿ. ಬೆಂಕಿಗೆ ಹಲಗಿ ಕಾಸುವವರ ಪಕ್ಕದಲ್ಲೇ ಸಣ್ಣ ಹುಡುಗರು ನಿಂತಿರುತ್ತಾರೆ. ಅವರನ್ನು ಯಾರೂ ಬಾಲಪ್ರತಿಭೆ ಅನ್ನೋದಿಲ್ಲ. ಕೈಗೆ ಕೋಲು ಸಿಕ್ಕರೆ ಬಾರಿಸುತ್ತಾರೆ, ಅಷ್ಟೇ.

2009ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಗೆ ಡ್ರಮ್ ಬಾರಿಸಲು ಹೇಳಿ ನೋಡಿದರು. ಒಮ್ಮೆ ಯಂತ್ರದ ಜೊತೆ, ಒಮ್ಮೆ ಬರೀ ಶಬ್ದದ ಜೊತೆ, ಒಮ್ಮೆ ಎದುರಿಗೆ ಮನುಷ್ಯರನ್ನು ಕೂರಿಸಿ. ಮನುಷ್ಯರ ಜೊತೆ ಬಾರಿಸಿದಾಗಲೇ ಮಕ್ಕಳ ಲಯ ಚೆನ್ನಾಗಿ ಕೂಡಿತು. ಭಜನೆಗೆ ಹೋಗುವ ಯಾರಿಗಾದರೂ ಇದು ಗೊತ್ತಿದ್ದದ್ದೇ. ಹಾಗಾಗಿ "ನಮ್ಮ ಹುಡುಗಗೂ ಒಂದು ಡ್ರಮ್ ಸೆಟ್ ಕೊಡಸ್ಲೇನ್ರಿ ಸರ?" ಅಂದವರಿಗೆ, ಕೊಡಿಸಿ, ಆದರೆ ಅದಕ್ಕೂ ಮೊದಲು ಅಮಾಸಿಗೊಮ್ಮೆ ಗುಡಿಗೆ ಕರಕೊಂಡು ಹೋಗಿ ಅಂತೀನಿ. ಗುಡಿಗೆ ದುಡ್ಡೂ ಬೇಕಾಗಿಲ್ಲ.

ಗಂಗಾವತಿ ಬಸ್ಸಿನವರಿಗೆ ಇಷ್ಟೆಲ್ಲ ಹೇಳೋಕೆ ಟೈಮ್ ಇರಲಿಲ್ಲ. "ಇನ್ನೊಮ್ಮಿ ಹಾಕ್ರಿ ಅದನ್ನ" ಅಂದೆ. ನಾಲ್ಕು ಜನ ವಾದಕರಿದ್ದರು. ಮೂವರು ಜೋರಾಗಿ ಕೂಗುತ್ತಿದ್ದರು. ನಾಲ್ಕನೆಯವರು ಸುಮ್ಮನೆ ಕೂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ. ಆದರೆ ಎರಡು ಬೆರಳು ತೊಡೆಯ ಮೇಲೆ ಆ ಮಗುವಿನ ಜೊತೆಗೇ ಬೀಳುತ್ತಿದ್ದವು.

"ಇವ್ರು ನೋಡ್ರಿ ಖರೇ" ಅಂದೆ.

"ಇವ್ರಾ? ಇವ್ರಿಗೆ ಬ್ಯಾಸರ ಆಗೇತಿ ಅನ್ಕೊಂಡಿದ್ನೆಲ್ಲ ಸರ" ಅಂದವರೇ ಗಂಗಾವತಿ ಬಂತಂತ ಚೀಲ ಹೆಗಲಿಗೆ ಹಾಕಿಕೊಂಡು ಇಳಿದರು.