ನಿಮಗೆ ಹೆದರಿಕೆ ಆಗುದಿಲ್ವಾ ಮಾರಾಯ್ರೆ?

ಮದುವೆ ಮನೆಯಲ್ಲಿ, ಹಾಲಿನ ಡಿಪೋದಲ್ಲಿ, ಊರಿಗೆ ಬಂದ ನೆಂಟರ ಬಾಯಲ್ಲಿ ನಾನು ಜಾಸ್ತಿ ಕೇಳಿದ ಪ್ರಶ್ನೆ ಇದು. "ಎರಡು ಬೋರ್‌ವೆಲ್ ಫೇಲಾಯಿತು. ಸಾಲ ಇದೆ. ಆದರೂ ಮತ್ತೆ ಅಡಿಕೆ ಸಸಿ ನೆಟ್ಟಿದ್ದೀರಿ. ಹೆದರಿಕೆ ಆಗುದಿಲ್ವಾ ಮಾರಾಯ್ರೆ?"

ಆಗುತ್ತದೆ. ಎರಡನೇ ಬೋರ್ ಕೊರೆಸಿದ ರಾತ್ರಿ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. 400 ಅಡಿ ದಾಟಿತ್ತು. ಬರುತ್ತಿದ್ದದ್ದು ಬರೀ ಬಿಳಿ ಹುಡಿ. ತುಳಸಿಕಟ್ಟೆ, ಒಣಗಲು ಹಾಕಿದ ಬಟ್ಟೆ, ನಾಯಿಯ ಬೆನ್ನು, ಎಲ್ಲದರ ಮೇಲೂ ಹುಡಿ. "ಇನ್ನೂ ನೂರಡಿ ಹೋಗುವುದಾ ಅಣ್ಣ?" ಅಂತ ಲಾರಿಯವನು ಕೇಳಿದ. ನನಗೆ ಬಾಯೇ ಬರಲಿಲ್ಲ. ಹೆಂಡತಿ ಒಳಗಿಂದ ಬಂದು "ಸಾಕು, ನಿಲ್ಲಿಸಿ" ಅಂದಳು.

ಆಮೇಲೆ ಎಷ್ಟೋ ದಿನ ತೋಟದ ಕಡೆ ಹೋಗಲೇ ಇಲ್ಲ. ಆಗ ನನ್ನನ್ನು ಎಬ್ಬಿಸಿದ್ದು ಅಮೈ ಮಹಾಲಿಂಗ ನಾಯ್ಕರ ಕಥೆ.

ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರದವರು. ಬೇರೆಯವರ ತೋಟದಲ್ಲಿ ಅಡಿಕೆ, ತೆಂಗಿನ ಮರ ಹತ್ತುತ್ತಿದ್ದವರು. ಧಣಿಗಳು ಕೊಟ್ಟ 2 ಎಕರೆ ಗುಡ್ಡ ಇತ್ತು, ನೀರಿರಲಿಲ್ಲ. ಅದಕ್ಕೇ ಸುರಂಗ ಕೊರೆಯಲು ಹೊರಟರು. ನಮ್ಮ ಕಡೆ, ಕಾಸರಗೋಡಿನ ಕಡೆ ಇದು ಹಳೇ ಪದ್ಧತಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡವನ್ನು ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಅಡ್ಡಲಾಗಿ ಕೊರೆಯುತ್ತಾ ಹೋಗುವುದು. ಒಸರು, ಅಂದರೆ ನೀರಿನ ಸೆಲೆ ಸಿಕ್ಕರೆ ನೀರು ತಾನಾಗಿ ಹೊರಗೆ ಹರಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ಆದರೆ ಒಳಗೆ ಹೋದ ಹಾಗೆ ಗಾಳಿ ಕಮ್ಮಿ. ದೀಪ ಮಂಕಾಯಿತೋ, ಹೊರಗೆ ಬಂದುಬಿಡಬೇಕು.

ನಾಯ್ಕರು ಕೂಲಿ ಮುಗಿಸಿ ಬಂದು, ರಾತ್ರಿಯವರೆಗೆ ದೀಪ ಇಟ್ಟುಕೊಂಡು ಒಬ್ಬರೇ ಅಗೆದರು. ಐದು ಸುರಂಗ. ಐದೂ ಒಣ. ವರ್ಷಗಳೇ ಹೋದವು, ಜನ ಆಡಿಕೊಂಡರು. ಆರನೆಯದರಲ್ಲಿ ನೀರು ಬಂತು. ಬೋಳು ಗುಡ್ಡ ಅಡಿಕೆ, ತೆಂಗು, ಬಾಳೆಯ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು.

ಎಲ್ಲರೂ ಆರನೇ ಸುರಂಗದ ಮಾತೇ ಆಡುತ್ತಾರೆ. ನನ್ನ ಮನಸ್ಸು ನಿಲ್ಲುವುದು ನಾಲ್ಕನೆಯದರ ಬಾಯಲ್ಲಿ. ಮೂರು ಸುರಂಗ ಒಣಗಿ ನಿಂತಿವೆ, ಮೈ ಸೋತಿದೆ, ಆದರೂ ಪಿಕ್ಕಾಸು ಎತ್ತಬೇಕು. ನೀರು ಸಿಕ್ಕೇ ಸಿಗುತ್ತದೆ ಅಂತ ಆ ಸಂಜೆ ಯಾರು ಹೇಳಬಹುದಿತ್ತು? ಅವತ್ತಿನ ಪಾಲಿನ ಮಣ್ಣು ಹೊರಗೆ ಹಾಕುವುದಷ್ಟೇ ಅವರ ಕೈಯಲ್ಲಿತ್ತು. ನನಗೆ ಗೊತ್ತಿರುವ ಧೈರ್ಯವೂ ಅಷ್ಟೇ. ಮೊದಲು ಹೆದರಿಕೆ ಹೋಗಲಿ, ಆಮೇಲೆ ಕೆಲಸ ಶುರು ಮಾಡೋಣ ಅಂತ ಕೂತಿದ್ದರೆ ನಾನಿನ್ನೂ ಜಗಲಿಯಲ್ಲೇ ಇರುತ್ತಿದ್ದೆ.

ಮೂರನೇ ಬೋರ್ ಹಾಕಿಸಲಿಲ್ಲ. ಸಾಲದ ಮೇಲೆ ಸಾಲ ಮಾಡಿ ಮತ್ತೆ ಅಲ್ಲೇ ದುಡ್ಡು ಸುರಿಯುವುದನ್ನು ಧೈರ್ಯ ಅಂತ ಕರೆಯಲು ನನಗೆ ಮನಸ್ಸಿಲ್ಲ. ಬದಲಿಗೆ ದಿನಾ ಸಂಜೆ ಒಂದು ಗಂಟೆ, ಗುಡ್ಡದ ಬದಿಯಲ್ಲಿ ಇಂಗುಗುಂಡಿ ತೋಡುತ್ತೇನೆ. ಮನೆಯ ಮಾಡಿನಿಂದ ಇಳಿಯುವ ಮಳೆನೀರನ್ನು ಮರಳು, ಜಲ್ಲಿ ತುಂಬಿದ ಡ್ರಮ್ಮಿನಲ್ಲಿ ಸೋಸಿ ಹಳೇ ಬಾವಿಗೆ ಬಿಟ್ಟಿದ್ದೇವೆ. ಮೊದಲ ವರ್ಷ ಏನೂ ಫರಕು ಕಾಣಲಿಲ್ಲ. ಆದರೆ ಮೈಕೈ ನೋವಿನಲ್ಲೂ ರಾತ್ರಿ ಒಳ್ಳೇ ನಿದ್ದೆ ಬರತೊಡಗಿತು. ಆ ಬಿಳಿ ಹುಡಿಯ ರಾತ್ರಿಯಿಂದ ನಾನು ಹಾಗೆ ಮಲಗಿರಲಿಲ್ಲ. ತೃಪ್ತಿ ಅಂದರೆ ಏನು ಅಂತ ಕೇಳಿದರೆ ನಾನು ಆ ನಿದ್ದೆಯನ್ನೇ ತೋರಿಸುತ್ತೇನೆ.

ಬಾವಿಯ ಹಗ್ಗಕ್ಕೆ ಹೆಂಡತಿ ಮೊಳಕ್ಕೊಂದು ಗಂಟು ಹಾಕಿದ್ದಾಳೆ. ಹೋದ ವರ್ಷ ಮೇ ತಿಂಗಳಲ್ಲಿ 19ನೇ ಗಂಟಿಗೆ ಕೊಡಪಾನ ನೀರು ಮುಟ್ಟಿತ್ತು. ಈ ಸಲ 16ಕ್ಕೇ ಡಬ್ ಅಂದಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹಗ್ಗ ಮೇಲೆಳೆದು ಇನ್ನೊಂದು ಸಲ ಇಳಿಸಿ ನೋಡಿದಳು, 16ನೇ ಗಂಟೇ.