ಆರನೆಯ ಎರಕ: ಕೊಳವೆಯ ತಳ ಸೇರಿದ ಜಿಂಕ್

ಮನೆಯಲ್ಲೇ ಕರಗಿಸಿ ಕೊಳವೆಗೆ ಎರೆಯುವ ನನ್ನ ತುಟಿ ಮುಲಾಮಿನ ಐದನೆಯ ಎರಕ ಕೈಕೊಟ್ಟದ್ದು ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ. ಅದನ್ನು ಹಚ್ಚಿಕೊಂಡೇ ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ತಿರುಗಿದ್ದೆ. ಮೂರನೆಯ ದಿನ ಬೆಳಿಗ್ಗೆ ಕೆಳತುಟಿಯ ಎಡ ಅಂಚಿನಲ್ಲಿ ಆ ಪರಿಚಿತ ಚುರುಚುರು ಶುರುವಾಗಿ, ಸಂಜೆಯ ಹೊತ್ತಿಗೆ ಸಾಸಿವೆ ಕಾಳಿನಷ್ಟು ನೀರುಗುಳ್ಳೆಗಳು ಗೊಂಚಲಾಗಿ ಎದ್ದವು. ಅವ್ವ ಎಂದಿನಂತೆ “ರಾತ್ರಿ ಜೇಡ ಹರದಾಡ್ಯದ” ಎಂದಳು. ಪಾಪ, ಜೇಡದ ತಪ್ಪೇನೂ ಇಲ್ಲ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸು ಒಮ್ಮೆ ಒಳಹೊಕ್ಕರೆ ಮುಖದ ನರಗಂಟಿನಲ್ಲಿ ಜೀವನಪರ್ಯಂತ ಅಡಗಿ ಕುಳಿತು, ಜ್ವರ, ದಣಿವು, ಬಿಸಿಲುಗಳ ನೆಪದಲ್ಲಿ ಮತ್ತೆ ತುಟಿಗೆ ಇಳಿಯುತ್ತದೆ. ನನ್ನ ಪಾಲಿಗೆ ಆ ನೆಪ ಬಹುತೇಕ ಬಿಸಿಲೇ ಆಗಿರುವುದರಿಂದ ಬಿಸಿಲು ತಡೆಯುವ ಬಿಳಿ ಪುಡಿ ಜಿಂಕ್ ಆಕ್ಸೈಡ್ ಬೆರೆಸಿದ ಮುಲಾಮಿನ ಈ ಖಟಾಟೋಪ.

ಸಿಟ್ಟಿನಲ್ಲಿ ಕೊಳವೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಮೇಲಿನ ಮುಕ್ಕಾಲು ಭಾಗ ತುಪ್ಪದಂತೆ ಹಳದಿ. ತಳದ ಅರ್ಧ ಇಂಚು ಸುಣ್ಣದ ಕಡ್ಡಿಯಂತೆ ಬಿಳಿ. ಜಿಂಕ್ ಆಕ್ಸೈಡ್ ನೀರಿಗಿಂತ ಐದೂವರೆ ಪಟ್ಟಿಗೂ ಹೆಚ್ಚು ಸಾಂದ್ರ, ಎಣ್ಣೆಯೋ ನೀರಿಗಿಂತಲೂ ಹಗುರ. 75 ಡಿಗ್ರಿಯಲ್ಲಿ ಸುರಿದ ತೆಳ್ಳನೆಯ ದ್ರವದಲ್ಲಿ ಅದು ನಿಲ್ಲುವುದಾದರೂ ಹೇಗೆ? ಕೊಳವೆಯನ್ನು ಬಳಸುವುದು ಮೇಲಿನಿಂದಲ್ಲವೇ! ಜಾತ್ರೆಯ ದಿನ ನಾನು ಹಚ್ಚಿಕೊಂಡದ್ದು ಬರೀ ಮೇಣ ಮತ್ತು ಎಣ್ಣೆ.

ಡಬ್ಬಿಯಲ್ಲಾದರೆ ಗಟ್ಟಿಯಾಗುವವರೆಗೂ ಕಲಕಬಹುದು. ಆದರೆ ಡಬ್ಬಿಗೆ ಬೆರಳು ಅದ್ದಬೇಕಾಗುತ್ತದೆ, ನಮ್ಮ ಮನೆಯಲ್ಲಿ ಒಬ್ಬರ ಡಬ್ಬಿ ಎಲ್ಲರದೂ. ಗುಳ್ಳೆ ಮುಟ್ಟಿದ ಬೆರಳು ಕಣ್ಣಿಗೆ ಹೋದರೆ ಅದು ಇನ್ನೂ ದೊಡ್ಡ ಕೇಡು. ಆದ್ದರಿಂದ ಕೊಳವೆಯೇ ಬೇಕು, ಅದೂ ತಲೆಗೊಂದು.

ಈ ನಡುವೆ ಸಾಮಾನಿನ ಗೋಳು. ಅಂಚೆಯಲ್ಲಿ ಬಂದ “ಶುದ್ಧ ಜೇನುಮೇಣ”ದಲ್ಲಿ ಜೇನಿನ ವಾಸನೆಯೇ ಇರಲಿಲ್ಲ, ಮೇಣದಬತ್ತಿಯ ವಾಸನೆ ಮಾತ್ರ ಧಾರಾಳವಾಗಿತ್ತು. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ಔಷಧ ದರ್ಜೆಯ ಜಿಂಕ್ ಆಕ್ಸೈಡ್ ಕೇಳಿದರೆ, “ಇದು ಬಣ್ಣಕ್ಕೂ ಆಗ್ತದ, ಔಷಧಕ್ಕೂ ಆಗ್ತದ, ತಗೊಂಡ್ ಹೋಗ್ರಿ” ಎಂದರು. ಬರಿಗೈಯಲ್ಲಿ ಮರಳಿದೆ.

ಹೊಸ ಎರಕಕ್ಕೆ ಕಾಯುವಾಗ ತುಟಿಗೆ ಈ ವೈರಸ್ಸನ್ನು ತಡೆಯುವ ಆಸೈಕ್ಲೋವಿರ್ 5% ಕ್ರೀಮನ್ನು ದಿನಕ್ಕೆ ಐದು ಸಲ ಹತ್ತಿಯ ಕಡ್ಡಿಯಿಂದ ಹಚ್ಚಿದೆ. ಚುರುಚುರು ಎನ್ನುವಾಗಲೇ ಹಚ್ಚಿದರೂ ಅದು ಉಳಿಸುವುದು ಸುಮಾರು ಒಂದು ದಿನವನ್ನಷ್ಟೇ. ಏನೂ ಮಾಡದಿದ್ದರೂ ಗುಳ್ಳೆ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಒಣಗುತ್ತದೆ. ತಣ್ಣೀರು ಬಟ್ಟೆ ಉರಿಯನ್ನು ತಗ್ಗಿಸಿತು. ತಂಗಿಯ ಹಸುಗೂಸನ್ನು ಹಕ್ಕಳೆ ಪೂರ್ತಿ ಉದುರುವವರೆಗೆ ಮುದ್ದಿಸಲಿಲ್ಲ, ಏಕೆಂದರೆ ನವಜಾತ ಶಿಶುವಿಗೆ ಈ ವೈರಸ್ಸು ಪ್ರಾಣಾಪಾಯ ತರಬಲ್ಲದು.

ಆರನೆಯ ಎರಕ 30 ಗ್ರಾಮಿನದು: ಜೇನುಮೇಣ 9, ಔಡಲ ಎಣ್ಣೆ 12, ಕೋಕಮ್ (ಮುರುಗಲು) ಬೆಣ್ಣೆ 4.5, ಜಿಂಕ್ ಆಕ್ಸೈಡ್ 4.5. (24 ಡಿಗ್ರಿಗೇ ಕರಗುವ ಕೊಬ್ಬರಿ ಎಣ್ಣೆಗೆ ನಮ್ಮ ಬೇಸಿಗೆಯಲ್ಲಿ ಕೆಲಸವಿಲ್ಲ.) ಜಿಂಕನ್ನು ಮೊದಲು ಔಡಲ ಎಣ್ಣೆಯಲ್ಲಿ, ಗಾಜಿನ ಮೇಲೆ ಎಳೆದರೆ ಒಂದು ಕಾಳೂ ಕಾಣದಂತೆ, ಇಪ್ಪತ್ತು ನಿಮಿಷ ಅರೆದೆ. ತೋಳು ಸೋತಾಗ ಹಳೆಯ ಕಂಪ್ಯೂಟರ್ ಫ್ಯಾನಿಗೆ ಎರಡು ಅಯಸ್ಕಾಂತ ಅಂಟಿಸಿ, ಪಾತ್ರೆಯೊಳಗಿನ ಅಯಸ್ಕಾಂತದ ಕಡ್ಡಿಯನ್ನು ತಿರುಗಿಸಿ ಕಲಕುವ ಯಂತ್ರ ಮಾಡುವ ಮುಂದಿನ ಯೋಜನೆ ಹೊಳೆಯಿತು. ಈ ಮಂದ ಪಾಕದಲ್ಲಿ ಆ ಕಡ್ಡಿ ತಿರುಗೀತೆಂಬ ಭರವಸೆಯಿಲ್ಲ, ಆದರೂ ಮಾಡಿಯೇ ನೋಡುವವನಿದ್ದೇನೆ. ಪಾಕವನ್ನು 60 ಡಿಗ್ರಿಗೆ ಇಳಿಸಿ, ಕಲಕುತ್ತಲೇ ಸುರಿದು, ಕೊಳವೆಗಳನ್ನು ಕೂಡಲೇ ತಣ್ಣೀರಿನಲ್ಲಿ ನಿಲ್ಲಿಸಿದೆ. ಟ್ಯಾಂಕಿನ ನಳದ ನೀರು ಈಗಾಗಲೇ ಅರ್ಧ ಚಹಾದಷ್ಟು ಬಿಸಿಯಿರುವುದರಿಂದ ಗಡಿಗೆಯ ನೀರಿಗೆ ಐಸ್ ಹಾಕಬೇಕಾಯಿತು. ತಣಿದ ಮುಲಾಮಿನ ತಲೆಯಲ್ಲಿ ಬಿದ್ದ ಕುಳಿಗೆ ಆಮೇಲೆ ಒಂದು ಹನಿ ಪಾಕ ಸುರಿದೆ.

ನಿನ್ನೆ ಒಂದನ್ನು ಸೀಳಿ ನೋಡಿದೆ. ತುದಿಯಿಂದ ತಳದವರೆಗೆ ಒಂದೇ ಕೆನೆಬಣ್ಣ. ಬಿಸಿಲನ್ನು ಎಷ್ಟು ತಡೆಯುತ್ತದೆಂಬುದಕ್ಕೆ ಪ್ರಯೋಗಾಲಯದ ಅಂಕಿ ನನ್ನಲ್ಲಿಲ್ಲವಾದ್ದರಿಂದ ಟವೆಲ್ಲು, ಟೊಪ್ಪಿಗೆಗಳನ್ನು ಬಿಡುವಂತಿಲ್ಲ. ಉಳಿದ ಐದು ಕೊಳವೆಗಳಿಗೆ ಹೆಸರಿನ ಚೀಟಿ ಅಂಟಿಸಿದ್ದೇನೆ. ಅವ್ವ ತನ್ನದನ್ನು ಆಗಲೇ ಹಿಮ್ಮಡಿಯ ಒಡಕಿಗೆ ಹಚ್ಚಿಕೊಂಡಿದ್ದಾಳೆ.