ಎಲ್ಲಿಟ್ಕೋತೀರಾ?

"ಇದನ್ನ ಎಲ್ಲಿಟ್ಕೋತೀರಾ?"

ಶನಿವಾರ ಕೇಳಿದ ಪ್ರಶ್ನೆ ಇದು. ಇವತ್ತು ಶುಕ್ರವಾರ. ಇನ್ನೂ ಕಿವಿ ಬಿಟ್ಟು ಹೋಗಿಲ್ಲ. ಪಾತ್ರೆ ತೊಳೆಯುವಾಗ, ರಾತ್ರಿ ಲ್ಯಾಬ್‌ನಲ್ಲಿ ರಕ್ತದ ಟ್ಯೂಬುಗಳಿಗೆ ಲೇಬಲ್ ಅಂಟಿಸುವಾಗ, ಯಾವಾಗ ನೋಡಿದರೂ ಅದೇ.

ಹೋದ ವಾರ ನಮ್ಮ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಬ್ಯಾಗು ಕಿತ್ತುಕೊಂಡು ಹೋದರು. ಮೊಣಕೈ ತರಚಿದ್ದು ಬಿಟ್ಟರೆ ಅವಳಿಗೆ ಏನೂ ಆಗಲಿಲ್ಲ. ಆದರೆ ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ನಾನು ಎಂಟು ವರ್ಷದಿಂದ ಓಡಾಡುತ್ತಿದ್ದೇನೆ. ಮನೆಗೆ ಬಂದವಳೇ ಇವರಿಗೆ ಹೇಳಿದೆ, ನಾನೂ ಒಂದು ಪಿಸ್ತೂಲು ತಗೋತೀನಿ ಅಂತ. ಟೆಕ್ಸಾಸ್‌ನಲ್ಲಿ ಇದೇನು ದೊಡ್ಡ ಮಾತಲ್ಲ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದ ಯಾರೇ ಆಗಲಿ ಲೈಸೆನ್ಸ್ ಇಲ್ಲದೆಯೂ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡಬಹುದು. ಊರಲ್ಲಿ ಚುನಾವಣೆ ಬಂದಾಗಲೆಲ್ಲ ತಾತ ತಮ್ಮ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರುತ್ತಿದ್ದದ್ದನ್ನು ನೋಡಿ ಬೆಳೆದವಳು ನಾನು. ಇಲ್ಲಿಯ ಈ ಸಲೀಸು ಇಷ್ಟು ವರ್ಷವಾದರೂ ನನಗೆ ವಿಚಿತ್ರವಾಗಿಯೇ ಕಾಣುತ್ತಿತ್ತು. ಶನಿವಾರ ಮಾತ್ರ ಏನೂ ಅನಿಸಲಿಲ್ಲ.

ಅಂಗಡಿಯಲ್ಲಿ ಮೊದಲು ಸಿಕ್ಕವನು ಒಬ್ಬ ಹುಡುಗ. ಒಳ್ಳೆಯವನೇ. ಆದರೆ ನನ್ನನ್ನು ನೋಡಿದ ಕೂಡಲೇ ಅವನ ಕೈ ತಾನಾಗಿಯೇ ಗಾಜಿನ ಕಪಾಟಿನ ಒಂದು ಮೂಲೆಗೆ ಹೋಯಿತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಪಿಸ್ತೂಲು, ಅದರ ಹಿಡಿ ತಿಳಿ ನೇರಳೆ ಬಣ್ಣ. "ಲೇಡೀಸ್‌ಗೆ ಇದು ತುಂಬಾ ಇಷ್ಟ ಮ್ಯಾಮ್" ಅಂದ. ಗುಂಡು ತುಂಬುವ ಮ್ಯಾಗಜಿನ್ ಹೊರಗೆ ತೆಗೆದು, ಸ್ಲೈಡ್ ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು ಹಿಂದಕ್ಕೆ ಎಳೆದು ನಿಲ್ಲಿಸಿ, ಒಳಗೆ ಗುಂಡಿಲ್ಲ ಅಂತ ನನಗೂ ತೋರಿಸಿಯೇ ಕೈಗೆ ಕೊಟ್ಟ. ಅಷ್ಟರ ಮಟ್ಟಿಗೆ ಶಿಸ್ತು ಇತ್ತು.

ನಾನು ಸ್ಲೈಡ್ ಎಳೆಯಲು ಹೋದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ, ಅರ್ಧ ಬಂದು ಬೆರಳು ಜಾರಿತು. ಪಕ್ಕದಲ್ಲಿದ್ದ ಇವರು "ಕೊಡಿಲ್ಲಿ" ಅಂತ ತಗೊಂಡು ಟಕ್ ಅಂತ ಎಳೆದು ವಾಪಸ್ ಕೊಟ್ಟರು, ಬಿಗಿಯಾದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದುಕೊಡುವ ಹಾಗೆ. ಹದಿನೇಳು ವರ್ಷದ ಸಂಸಾರ, ಆ ಹೊತ್ತಿನ ಆ ಮುಖ ನನಗೆ ಚೆನ್ನಾಗಿ ಗೊತ್ತು. ಹುಡುಗ ತಕ್ಷಣ, "ಹಾಗಾದ್ರೆ ರಿವಾಲ್ವರ್ ನೋಡೋಣ ಮ್ಯಾಮ್" ಅಂದ. ಹೆಂಗಸರಿಗೆ ಸ್ಲೈಡ್ ಬರಲಿಲ್ಲ ಅಂದರೆ ರಿವಾಲ್ವರ್, ಅದರಲ್ಲಿ ಎಳೆಯೋಕೆ ಸ್ಲೈಡೇ ಇರಲ್ಲವಲ್ಲ. ಮೊದಲೇ ಬರೆದಿಟ್ಟ ನಾಟಕದ ಮುಂದಿನ ಸಾಲು.

ಆಗ ಆ ಹೆಂಗಸು ಬಂದರು. ಅರವತ್ತು ದಾಟಿರಬೇಕು. ಕನ್ನಡಕಕ್ಕೆ ಸರಪಳಿ ಹಾಕಿ ಕುತ್ತಿಗೆಗೆ ನೇತುಬಿಟ್ಟುಕೊಂಡಿದ್ದರು, ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಥರ. ನನ್ನ ಕೈಯಿಂದ ಆ ನೇರಳೆ ಪಿಸ್ತೂಲು ತಗೊಂಡು ಮ್ಯಾಟ್ ಮೇಲೆ ಇಟ್ಟರು. ನನಗೆ ಏನಾಗಿದೆ, ಯಾಕೆ ಬಂದೆ ಅಂತ ಕೇಳಿಸಿಕೊಂಡರು. ಎಷ್ಟು ದುಡ್ಡು ಖರ್ಚು ಮಾಡ್ತೀರಾ ಅಂತ ಕೇಳಲಿಲ್ಲ, ಯಾವ ಕಂಪನಿ ಬೇಕು ಅಂತಲೂ ಕೇಳಲಿಲ್ಲ.

"ಇದನ್ನ ಎಲ್ಲಿಟ್ಕೋತೀರಾ?"

"ಬ್ಯಾಗಲ್ಲಿ."

"ಯಾವ ಬ್ಯಾಗಲ್ಲಿ?"

ಹೆಗಲಲ್ಲಿದ್ದದ್ದನ್ನು ತೋರಿಸಿದೆ.

"ಮೊನ್ನೆ ಕಿತ್ಕೊಂಡು ಹೋದ್ರು ಅಂದ್ರಲ್ಲ, ಅದೂ ಇಂಥದ್ದೇ ಬ್ಯಾಗಾ?"

ನನಗೆ ನಗು ಬಂತು, ಅಳುವೂ ಬಂತು. ಇವರು ಪಕ್ಕದಲ್ಲಿ ಸುಮ್ನೆ ಸ್ಕೋಪುಗಳನ್ನು ನೋಡುತ್ತಾ ನಿಂತರು.

ಆಮೇಲೆ ಆ ಹೆಂಗಸೇ ಅಂಗಡಿಯ ಹಿಂದಿನ, ಗುಂಡು ಹೊಡೆದು ನೋಡುವ ರೇಂಜ್‌ಗೆ ಕರೆದುಕೊಂಡು ಹೋದರು. ಬಾಡಿಗೆಗೆ ಮೂರು ಪಿಸ್ತೂಲು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ. ಮೊದಲು ಸ್ಲೈಡ್ ಎಳೆಯುವುದನ್ನು ಹೇಳಿಕೊಟ್ಟರು. ಬೆರಳ ತುದಿಯಿಂದ ಚಿವುಟಿ ಎಳೆಯಬಾರದಂತೆ. ಎಡಗೈಯ ಇಡೀ ಅಂಗೈಯಲ್ಲಿ ಸ್ಲೈಡನ್ನು ಮೇಲಿಂದ ಅಮುಕಿ ಹಿಡಿದು, ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಕೆ ಗುರಿಯ ಕಡೆಗೇ ಇರುವಂತೆ ನೋಡಿಕೊಂಡು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಬೆರಳು ಮಾತ್ರ ಟ್ರಿಗರ್ ಹತ್ತಿರ ಸುಳಿಯಬಾರದು. ಎರಡನೇ ಸಲಕ್ಕೇ ಬಂತು. ಬಲ ಕಡಿಮೆ ಅಂತ ನಾನೂ ಇವರೂ ಆ ಹುಡುಗನೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದೆವಲ್ಲ, ನನಗೆ ಹೇಳಿಕೊಡುವವರು ಇರಲಿಲ್ಲ ಅಷ್ಟೇ.

ಚಿಕ್ಕ ಪಿಸ್ತೂಲು ಹೆಣ್ಣಿಗೆ ಸುಲಭ ಅನ್ನೋದು ಎಷ್ಟು ತಲೆಕೆಳಗಾದ ಮಾತು ಅಂತ ಅವತ್ತು ಗೊತ್ತಾಯಿತು. ಸ್ಲೈಡ್ ಚಿಕ್ಕದೂ ಹಗುರವೂ ಆದಷ್ಟು ಗುಂಡು ಹಾರಿದಾಗ ಅದು ಹಿಂದಕ್ಕೆ ಜೋರಾಗಿ ನುಗ್ಗುತ್ತದೆ, ಅದನ್ನು ತಡೆಯಲು ಒಳಗಿನ ಸ್ಪ್ರಿಂಗ್ ಬಿಗಿ ಇರಲೇಬೇಕು. ಹಿಡಿಯೋಕೆ ಜಾಗವೂ ಕಮ್ಮಿ. ಆ ನೇರಳೆಯದು ಮುನ್ನೂರು ಗ್ರಾಂ ಕೂಡ ಇರಲಿಲ್ಲ, ಪಾಯಿಂಟ್ 380 ತೋಟಾ. 9 ಎಂಎಂ ತೋಟಾದ ತಂಗಿ ಇದ್ದ ಹಾಗೆ ಇದು, ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ, ತೋಟಾದ ಲೋಹದ ಕೇಸಿನ ಉದ್ದ ಮಾತ್ರ 19 ಮಿ.ಮೀ. ಬದಲು 17. ಶಕ್ತಿ ಕಡಿಮೆ ಅಂದಮೇಲೆ ಒದೆತವೂ ಕಡಿಮೆ ಅಂದುಕೊಂಡಿದ್ದೆ. ಹೆಬ್ಬೆರಳು ತೋರುಬೆರಳ ನಡುವಿನ ಚರ್ಮಕ್ಕೆ ಬೆತ್ತದಲ್ಲಿ ಹೊಡೆದ ಹಾಗಾಯಿತು. ಕಿರುಬೆರಳಿಗೆ ಹಿಡಿಯಲ್ಲಿ ಜಾಗವೇ ಇಲ್ಲ, ಗಾಳಿಯಲ್ಲಿ ನೇತಾಡುತ್ತದೆ. ಐದನೇ ಗುಂಡಿಗೆ ಖಾಲಿ ಕೇಸು ಹೊರಗೆ ಬೀಳದೆ ಕಿಂಡಿಯಲ್ಲಿ ಸಿಕ್ಕಿಕೊಂಡು ಚಿಮಣಿಯ ಹಾಗೆ ನಿಂತಿತು. ನನ್ನ ಮಣಿಕಟ್ಟು ಸಡಿಲ ಇತ್ತಂತೆ. ಕೈ ಗಟ್ಟಿ ನಿಲ್ಲದಿದ್ದರೆ ಸ್ಲೈಡ್ ಪೂರ್ತಿ ಹಿಂದಕ್ಕೆ ಹೋಗಿ ಬರುವುದಿಲ್ಲ.

ಎರಡನೆಯದು ಗ್ಲಾಕ್ 19. 1988ರಿಂದ ಇರುವ ಮಾಡೆಲ್, ಮ್ಯಾಗಜಿನ್‌ನಲ್ಲಿ 15 ಗುಂಡು. ಕಂಪನಿ ಇದನ್ನು ಕಾಂಪ್ಯಾಕ್ಟ್ ಅನ್ನುತ್ತದೆ. ನನ್ನ ಕೈಗೆ ಅದೇ ಇಟ್ಟಿಗೆ ಥರ ಕಂಡಿತು. ಖಾಲಿ ಇದ್ದಾಗಲೇ ಆರುನೂರು ಗ್ರಾಂ. ಆದರೆ ಹೊಡೆದರೆ ಎಷ್ಟು ಮೆತ್ತಗೆ! ಏಳು ಗಜದ ದೂರದಲ್ಲಿ ಹತ್ತು ಗುಂಡುಗಳೂ ಒಂದು ಅಂಗೈಯಗಲದಲ್ಲಿ ಬಿದ್ದವು. ಇವರ ಕಡೆ ತಿರುಗಿ ನೋಡಿದೆ. ಅವರು ಫೋನ್ ನೋಡುತ್ತಿದ್ದರು, ಅಥವಾ ನೋಡುವ ಹಾಗೆ ಮಾಡುತ್ತಿದ್ದರು.

ಮೂರನೆಯದು ಸಿಗ್ ಪಿ365. ಇದು 2018ರಲ್ಲಿ ಬಂದಾಗ ಎಲ್ಲರೂ ಕಣ್ಣರಳಿಸಿದ್ದರಂತೆ, ಯಾಕೆಂದರೆ ಅಲ್ಲಿಯವರೆಗೆ ಅಷ್ಟು ಪುಟ್ಟ 9 ಎಂಎಂ ಪಿಸ್ತೂಲುಗಳಲ್ಲಿ ಆರೋ ಏಳೋ ಗುಂಡು ಹಿಡಿಸುತ್ತಿತ್ತು, ಇದರಲ್ಲಿ ಹತ್ತು. ಗುಂಡುಗಳು ಮ್ಯಾಗಜಿನ್‌ನಲ್ಲಿ ಒಂದರ ಮೇಲೊಂದು ನೆಟ್ಟಗೆ ಕೂರದೆ ಆಚೀಚೆ ಒತ್ತಿಕೊಂಡು ಕೂರುವ ಹಾಗೆ ಮಾಡಿದ್ದಾರೆ. ದಪ್ಪ ಒಂದಿಂಚು, ತೂಕ ಅರ್ಧ ಕೆಜಿ. ಒದೆತ ಆ ಎರಡರ ನಡುವೆ. ನನಗೆ ಇದೇ ಸಾಕು ಅನಿಸಿತು. ಅನಿಸಿದ್ದನ್ನು ಬಾಯಿ ಬಿಟ್ಟು ಹೇಳಿಯೂಬಿಟ್ಟೆ. ಆ ಹೆಂಗಸು ತಲೆ ಅಲ್ಲಾಡಿಸಿದರು. "ಚೆನ್ನಾಗಿದೆ. ಎಲ್ಲಿಟ್ಕೋತೀರಾ?"

ಖರೀದಿ ಮಾಡದೆ ಬಂದೆವು. ದಾರಿಯುದ್ದಕ್ಕೂ ಇವರು, "ವ್ಯಾಪಾರ ಬೇಡ್ವೇನೋ ಆ ಹೆಂಗಸಿಗೆ" ಅಂತ ಗೊಣಗಿದರು.

ಭಾನುವಾರ ಕೂತು ಬ್ಯಾಗು ಸುರಿದು ನೋಡಿದೆ. ಪೆನ್ನು ಮೂರು, ಬಾಚಣಿಗೆ, ಹೇರ್‌ಪಿನ್ನು, ಮಗನ ಮುರಿದ ಸ್ಕೇಲು, ಎರಡು ಕೀಗೊಂಚಲು. ಇದರೊಳಗೆ ಬರೀ ಪಿಸ್ತೂಲು ಹಾಕಿಟ್ಟರೆ ಒಂದು ಪೆನ್ನು ಟ್ರಿಗರ್ ಸುತ್ತಲಿನ ಬಳೆಯೊಳಗೆ ನುಸುಳಿದರೆ ಸಾಕು, ಗುಂಡು ಹಾರಬಹುದು. ಅದಕ್ಕೇ ಎಲ್ಲಿಟ್ಟರೂ ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್ಸ್ಟರ್, ಅಂದರೆ ಪಿಸ್ತೂಲಿನ ಒರೆ, ಬೇಕೇ ಬೇಕು ಅಂತ ಆ ಹೆಂಗಸು ಅಂದಿದ್ದರು. ಬ್ಯಾಗನ್ನು ನಾನು ಎಲ್ಲೆಲ್ಲಿ ಇಡುತ್ತೇನೆ ಅಂತಲೂ ಲೆಕ್ಕ ಹಾಕಿದೆ. ಕ್ಯಾಂಟೀನ್ ಕುರ್ಚಿಗೆ, ಅಂಗಡಿಯ ಟ್ರಾಲಿಯಲ್ಲಿ, ಗೆಳತಿಯ ಮನೆಯ ಸೋಫಾ ಮೇಲೆ, ಅವಳ ನಾಲ್ಕು ವರ್ಷದ ಮಗಳ ಕೈಗೆ ಸಿಗುವ ಹಾಗೆ. ಬೇಡ.

ಸೋಮವಾರ ರಾತ್ರಿ ಡ್ಯೂಟಿಗೆ ಹೋದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಎಂಟು ವರ್ಷದಿಂದ ದಾಟುತ್ತಿರುವ ಬಾಗಿಲು. ಅದರ ಪಕ್ಕದಲ್ಲೇ ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ, ಒಂದೊಂದು ಅಕ್ಷರ ಒಂದೊಂದು ಇಂಚು ಎತ್ತರ, ಕಾನೂನಿನ ಕಲಂ ಸಂಖ್ಯೆಯಿಂದ 30.06 ಅಂತ ಕರೆಯೋ ಬೋರ್ಡು. ಲೈಸೆನ್ಸ್ ಇದ್ದವರೂ ಬಚ್ಚಿಟ್ಟ ಪಿಸ್ತೂಲಿನ ಜೊತೆ ಒಳಗೆ ಬರಬಾರದು ಅಂತ. ಟೆಕ್ಸಾಸ್‌ನಲ್ಲಿ 2011ರ ಕಾನೂನಿನ ಪ್ರಕಾರ ಕೆಲಸದವರು ಅದನ್ನು ಪಾರ್ಕಿಂಗ್‌ನಲ್ಲಿ ತಮ್ಮ ಕಾರಿನೊಳಗೆ ಬೀಗ ಹಾಕಿ ಇಡಬಹುದು. ಅಂದರೆ ಏನಾಯಿತು ನೋಡಿ. ನನಗೆ ಭಯ ಇರುವುದು ಬಾಗಿಲಿನಿಂದ ಕಾರಿನವರೆಗಿನ ನಾಲ್ಕು ನಿಮಿಷಕ್ಕೆ. ಆ ನಾಲ್ಕು ನಿಮಿಷ ಪಿಸ್ತೂಲು ಕಾರಿನಲ್ಲಿರುತ್ತದೆ. ಕಾರಿಗೆ ಕನ್ನ ಹಾಕಿದರೆ ಅದೂ ಕಳ್ಳನ ಪಾಲು. ಒದೆತ, ತೂಕ, ಮ್ಯಾಗಜಿನ್ ಅಂತ ಇಷ್ಟೆಲ್ಲ ಅಳೆದು ಸುರಿದು ಆರಿಸಲು ಹೊರಟವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ.

ಆ ಹೆಂಗಸಿಗೆ ಹೊಳೆದಿತ್ತು ಅಂತ ಈಗ ಅನಿಸುತ್ತದೆ. ಆಸ್ಪತ್ರೆ ಅಂದ ತಕ್ಷಣ ಅವರ ಹುಬ್ಬು ಒಂಚೂರು ಮೇಲೆ ಹೋಗಿತ್ತು. ನೇರವಾಗಿ ಹೇಳಿದ್ದರೆ ನಾನು ವಾದ ಮಾಡುತ್ತಿದ್ದೆ, ಅದೂ ಗೊತ್ತು ಅವರಿಗೆ.

ಮಂಗಳವಾರ ಬೆಳಗಿನ ಜಾವ ಡ್ಯೂಟಿ ಮುಗಿದಾಗ ಒಂದು ಕೆಲಸ ಮಾಡಿದೆ. ಸೆಕ್ಯೂರಿಟಿಗೆ ಫೋನ್ ಮಾಡಿ, ಕಾರಿನವರೆಗೆ ಯಾರಾದರೂ ಬರ್ತೀರಾ ಅಂದೆ. ಈ ವ್ಯವಸ್ಥೆ ನಾನು ಸೇರಿದ ದಿನದಿಂದಲೂ ಇದೆ, ಐಡಿ ಕಾರ್ಡಿನ ಹಿಂದೆಯೇ ನಂಬರಿದೆ. ಎಂಟು ವರ್ಷದಲ್ಲಿ ಒಂದು ಸಲವೂ ಕರೆದಿರಲಿಲ್ಲ. ಯಾಕೆ ಅಂದರೆ ನಾಚಿಕೆ. ಹೆದರುಪುಕ್ಕಲಿ ಅಂದುಕೊಂಡಾರು ಅಂತ. ಯಾರನ್ನಾದರೂ ಜೊತೆಗೆ ಬಾ ಅನ್ನುವುದಕ್ಕೆ ನಾಚಿಕೆ, ಆದರೆ ಗನ್ ಅಂಗಡಿಗೆ ಹೋಗಿ "ನನಗೊಂದು ಕೊಡಿ" ಅನ್ನುವುದಕ್ಕೆ ಇಲ್ಲ! ಬಂದವರು ವಯಸ್ಸಾದ ಮನುಷ್ಯ. ದಾರಿಯುದ್ದಕ್ಕೂ ತಮ್ಮ ಮಂಡಿನೋವಿನ ಕಥೆ ಹೇಳಿದರು. ನಾಲ್ಕು ನಿಮಿಷದ ದಾರಿಗೆ ಒಂಬತ್ತು ನಿಮಿಷ ಹಿಡಿಯಿತು.

ಹಾಗಂತ ಪಿಸ್ತೂಲಿನ ಆಸೆ ಬಿಟ್ಟೆ ಅಂತಲ್ಲ. ರಜೆಯ ದಿನಗಳಿವೆ, ಒಬ್ಬಳೇ ಉದ್ದಕ್ಕೆ ಗಾಡಿ ಓಡಿಸುವುದಿದೆ. ಆದರೆ ಪ್ರಶ್ನೆ ಅಲ್ಲೂ ಹಿಂದೆಯೇ ಬಂತು. ಮಗನನ್ನು ಶಾಲೆಗೆ ಬಿಡಲು ಹೋಗುತ್ತೇನೆ. ಶಾಲೆಯ ಸುತ್ತ 1,000 ಅಡಿಯೊಳಗೆ ಪಿಸ್ತೂಲು ಇಟ್ಟುಕೊಳ್ಳಬಾರದು ಅನ್ನೋ ಕೇಂದ್ರದ ಕಾನೂನು ಬೇರೆ ಇದೆ, ಅದರಲ್ಲಿ ರಾಜ್ಯದ ಲೈಸೆನ್ಸ್ ಇದ್ದವರಿಗೆ ಸಿಗುವ ವಿನಾಯಿತಿ ಇಲ್ಲದವರಿಗೆ ಸಿಗುವುದಿಲ್ಲ. ಹಾಗಾಗಿ ಬೇಕಿಲ್ಲದಿದ್ದರೂ ಲೈಸೆನ್ಸ್ ಮಾಡಿಸುವುದೇ ಸರಿ. ತರಗತಿ ಇರುತ್ತದೆ, 50 ಗುಂಡಿನ ಪರೀಕ್ಷೆ ಇರುತ್ತದೆ, 250ಕ್ಕೆ 175 ಬಂದರೆ ಪಾಸು. ಮನೆಯಲ್ಲಿ ಹನ್ನೊಂದು ವರ್ಷದ ಮಗ ಇದ್ದಾನೆ. 17ರ ಒಳಗಿನ ಮಕ್ಕಳ ಕೈಗೆ ಸಿಗುವ ಹಾಗೆ ಬಿಟ್ಟರೆ ಇಲ್ಲಿ ಅಪರಾಧ. ಕಾನೂನು ಹೋಗಲಿ, ಅವನು ಚಾಕೊಲೇಟನ್ನು ನಾನು ಎಲ್ಲಿ ಬಚ್ಚಿಟ್ಟರೂ ಹುಡುಕುತ್ತಾನೆ. ಅಂದಮೇಲೆ ಬೆರಳಚ್ಚಿಗೋ ನಂಬರಿಗೋ ತೆರೆಯುವ ಪೆಟ್ಟಿಗೆ ಮೊದಲು ಬರಬೇಕು.

ನಿನ್ನೆ ಮತ್ತೆ ಹೋದೆ, ಒಬ್ಬಳೇ. ಆ ಹುಡುಗ ದೂರದಿಂದಲೇ ಕೈ ಬೀಸಿದ. ಅವರು ಕನ್ನಡಕ ಏರಿಸಿ ನೋಡಿ, "ಉತ್ತರ ಸಿಕ್ತಾ?" ಅಂದರು.

"ಅರ್ಧ ಸಿಕ್ಕಿದೆ. ಸೊಂಟದಲ್ಲಿ. ಕೆಲಸದ ದಿನ ಬಿಟ್ಟು."

ಅವರು ಒಳಗೆ ಹೋಗಿ ಒಂದು ಬೆಲ್ಟ್ ತಂದರು. ಮಾಮೂಲಿ ಬೆಲ್ಟಿನ ಎರಡರಷ್ಟು ಗಟ್ಟಿ. ಮೆತ್ತನೆ ಬೆಲ್ಟಿಗೆ ಅರ್ಧ ಕೆಜಿ ನೇತುಹಾಕಿದರೆ ಪ್ಯಾಂಟ್ ಒಂದು ಕಡೆ ಜಗ್ಗುತ್ತದೆ, ಹಿಡಿ ಹೊರಗೆ ವಾಲಿ ಅಂಗಿಯ ಮೇಲೆ ಉಬ್ಬು ಕಾಣುತ್ತದೆ, ಆಮೇಲೆ ದಿನವಿಡೀ ಕೈ ಅಲ್ಲಿಗೇ ಹೋಗುತ್ತದೆ. "ಎರಡು ವಾರ ಇದನ್ನ ಹಾಕ್ಕೊಂಡು, ಅರ್ಧ ಕೆಜಿ ತೂಕದ್ದು ಏನಾದ್ರೂ ಸಿಕ್ಕಿಸ್ಕೊಂಡು ಓಡಾಡಿ. ಕೂರಿ, ಏಳಿ, ಕಾರ್ ಓಡಿಸಿ. ಆಮೇಲೆ ಬನ್ನಿ, ಪಿಸ್ತೂಲು ಎಲ್ಲೂ ಓಡಿಹೋಗಲ್ಲ."

ಬೆಲ್ಟಿಗೂ ತರಗತಿಗೂ ದುಡ್ಡು ಕೊಟ್ಟು ಬಂದೆ.

ಈಗ ಇದನ್ನು ಬರೆಯುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಇವರು ಊರಿಗೆ ಫೋನ್ ಹಚ್ಚಿ ತಮ್ಮನಿಗೆ ಹೇಳುತ್ತಿದ್ದಾರೆ. "ನಿಮ್ಮತ್ತಿಗೆ ಪಿಸ್ತೂಲು ತರೋಕೆ ಅಂತ ಹೋಗಿ ಬೆಲ್ಟ್ ತಂದಿದಾಳೆ ಕಣೋ. ಈಗ ಸೊಂಟಕ್ಕೆ ಸಕ್ಕರೆ ಪೊಟ್ಟಣ ಕಟ್ಕೊಂಡು ಕಂಪ್ಯೂಟರ್ ಮುಂದೆ ಕೂತಿದಾಳೆ."

ಸಕ್ಕರೆ ಅಲ್ಲ, ರವೆ.